ನಡಾವಳಿಯಲ್ಲಿ ಬರೆಯದ್ದು

ಶಾಖೆ ಮುನ್ನೂರ ಅರವತ್ತೆಂಟು, ರಸ್ತೆ ನೌಕರರು, ಉತ್ತರ ಮೇಯ್ನ್.
ಸಭೆ ಸೇರಿದ್ದು ಚರ್ಚಿನ ನೆಲಮಾಳಿಗೆಯಲ್ಲಿ, ಸಂಜೆ ಆರಕ್ಕೆ.
ಹಾಜರಿ: ಹನ್ನೊಂದು.
ಇಷ್ಟು ಬರೆದು ಪೆನ್ನು ಎತ್ತಿದೆ.

ಹನ್ನೊಂದರಲ್ಲಿ ಮೂವರು ಕೂತಲ್ಲೇ ನಿದ್ದೆ ಹೋಗಿದ್ದರು
ಎಂದು ಬರೆಯುವ ರೂಢಿಯಿಲ್ಲ.
ಭಾನುವಾರ ಹಿಡಿದ ಹಿಮ ಮಂಗಳವಾರ ಮಧ್ಯಾಹ್ನ ಬಿಟ್ಟಿತ್ತು.
ಬೂಟುಗಳಿಂದ ಇಳಿದ ಉಪ್ಪುನೀರು
ಮಕ್ಕಳು ಬಣ್ಣ ಬಳಿದು ಗೋಡೆಗಂಟಿಸಿದ
ನೋಹನ ಹಡಗಿನ ಕೆಳಗೇ ಹೋಗಿ ನಿಂತಿತ್ತು.

ಹಿಮ ತಳ್ಳುವ ಅಲಗಿಗೆ ಇಲ್ಲಿ ನೇಗಿಲು ಅನ್ನುತ್ತಾರೆ.
ಉಳುವುದು ಡಾಂಬರು,
ಬಿತ್ತುವುದು ಉಪ್ಪು,
ಬೆಳೆ ಅಂದರೆ, ಬೆಳಗ್ಗೆ ಏಳಕ್ಕೆ ತಿರುವಿನಲ್ಲಿ
ಜಾರದೆ ನಿಂತ ಶಾಲೆಯ ಬಸ್ಸು.
ಫಸಲು ಕೈಗೆ ಬಂದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ,
ಕೆಟ್ಟದ್ದು ಮಾತ್ರ ಪತ್ರಿಕೆಯಲ್ಲಿ.

ವಿಷಯ ಒಂದು: ಖಾಲಿ ಹುದ್ದೆ.
ಇಪ್ಪತ್ತೆರಡು ಲಾರಿಗೆ ಹದಿನಾಲ್ಕು ಜನ.
'ಲಾರಿಗಳೇ ಒಂದನ್ನೊಂದು ಓಡಿಸಿಕೊಳ್ಳಲಿ'
ಅಂದ ಆರ್ಮಾಂಡ್ ಥಿಬೊಡೊ. ಯಾರೂ ನಗಲಿಲ್ಲ.
ನಕ್ಕರೆ ತುಟಿ ಒಡೆಯುವ ಕಾಲ.
ಹೋದ ಚಳಿಗಾಲ ನೇಗಿಲ ಕೊಂಡಿಗೆ ಸಿಕ್ಕಿ
ಅವನ ಎಡಗೈಯ ಕಿರುಬೆರಳು ಹೋಯಿತು,
ಇಪ್ಪತ್ತನೇ ಗಂಟೆಯ ಪಾಳಿಯಲ್ಲಿ.
ಅರ್ಜಿಯ ನಮೂನೆ ಕೇಳುತ್ತದೆ: ತಪ್ಪು ಯಾರದು?
ಉತ್ತರಕ್ಕೆ ಬಿಟ್ಟ ಜಾಗ
ಒಂದು ಹೆಸರು ಹಿಡಿಯುವಷ್ಟು.

ವಿಷಯ ಎರಡು: ಮಸೂದೆ.
ಹದಿನಾರು ಗಂಟೆ ಚಕ್ರ ಹಿಡಿದವನಿಗೆ
ಎಂಟು ಗಂಟೆ ಹಾಸಿಗೆ. ಅಷ್ಟೇ ಅದರ ಸಾರ.
ಡೊರೀನ್ ಪೆಲ್ಕಿ ನಾಲ್ಕು ಪುಟ ಬರೆದುಕೊಂಡು
ಅಗಸ್ಟಾಕ್ಕೆ ಹೋಗಿದ್ದಳು, ಕಾರು ನನ್ನದು.
ಸಮಿತಿಯವರು ಕೊಟ್ಟದ್ದು ಮೂರು ನಿಮಿಷ.
ಹಸಿರು ದೀಪ, ಹಳದಿ ದೀಪ;
ಬೆರಳಿನ ಕತೆ ಮೂರನೇ ಪುಟದಲ್ಲಿತ್ತು,
ಕೆಂಪು ಎರಡನೆಯದಕ್ಕೇ ಬಂತು.

ಚಹಾದ ಕಪ್ಪಿನಿಂದ ತಲೆಯೆತ್ತಿ ಒಬ್ಬ ಸೆನೆಟರ್,
ಒಳ್ಳೆಯ ಮನುಷ್ಯನೇ ಇರಬೇಕು, ಕೇಳಿದ:
'ಇಷ್ಟು ಮುಖ್ಯವಾದರೆ ನಿಮ್ಮ ಚಾಲಕರೇ ಯಾಕೆ ಬಂದಿಲ್ಲ?'
ಡೊರೀನ್ ಕಾಗದ ಮಡಚಿದಳು.
'ಕೆಲಸದಲ್ಲಿದ್ದಾರೆ, ಸರ್.'
ಕಿಟಕಿಯಾಚೆ ಅವನ ಕಾರಿನ ಮೇಲೆ
ಎರಡು ಬೆರಳು ಹಿಮ ಕೂತಿತ್ತು.
ಅವನು ಬಂದ ದಾರಿಯಲ್ಲಿ ಇರಲಿಲ್ಲ.

ಇದನ್ನು ಅಲ್ಲೇ ಹೇಳಬೇಕಿತ್ತು ಅಂತ ಹೊಳೆದದ್ದು
ಬ್ಯಾಂಗರ್ ದಾಟಿದ ಮೇಲೆ.
ಮುಂದೆ ಹಳದಿ ದೀಪ ತಿರುಗಿಸುತ್ತ ಲೂಸಿಯೆನ್ನನ ಲಾರಿ,
ಬಸವನಹುಳುವಿನ ಹಾಗೆ.
ಹಿಂದಿಕ್ಕೋಣವೇ ಅಂದೆ. ಬೇಡ ಅಂದಳು.
ಇಪ್ಪತ್ತು ಮೈಲಿ ಅವನ ಬೆನ್ನ ಹಿಂದೆ,
ನಮ್ಮ ಗಾಜಿಗೆ ಅವನು ಬಿತ್ತಿದ ಉಪ್ಪು
ಟಪಟಪ ಬಡಿಯುತ್ತಿತ್ತು.

ಮಸೂದೆ ಮುಂದಿನ ಅಧಿವೇಶನಕ್ಕೆ.
ಮೂಗಿಗೆ ತುಪ್ಪ, ಜೊತೆಗೊಂದು ಧನ್ಯವಾದದ ಪತ್ರ.
ಮತ್ತೆ ಹೋಗುವುದೋ ಬೇಡವೋ,
ಈ ಚರ್ಚೆಗೆ ಹಿಡಿದದ್ದು ಐದು ನಿಮಿಷ.
ಕಾಫಿ ಪಾತ್ರೆಯ ರಿಪೇರಿಗೆ ಹದಿನೆಂಟು ಡಾಲರ್,
ಅದಕ್ಕೆ ಮುಕ್ಕಾಲು ಗಂಟೆ ಜಗಳ.
ಆರ್ಮಾಂಡ್ ನಾಲ್ಕೂವರೆ ಬೆರಳ ಲೆಕ್ಕ ಹೇಳಿ
ಮೇಜು ಗುದ್ದಿದ. ಅದೂ ನಡಾವಳಿಯಲ್ಲಿಲ್ಲ.

ಕೈ ಎತ್ತಿಸಿ ಎಣಿಸಿದೆ: ಮತ್ತೆ ಹೋಗುವುದು ಎಂದವರು ಎಂಟು.
ಕುರ್ಚಿ ಮಡಚುವ ಸದ್ದಿಗೆ ಮೂವರೂ ಎದ್ದರು.
ಮರ್ಲ್ ಕಣ್ಣುಜ್ಜಿಕೊಂಡು, ಟೋಪಿ ಹುಡುಕುತ್ತ:
'ಮತದಾನ ಆಯಿತಾ?'
ಆಯಿತು.
'ನಾನು ಯಾವ ಕಡೆ?'
ನಮ್ಮ ಕಡೆ, ಅಂದೆ.
ಸರಿ ಎಂಬಂತೆ ತಲೆಯಾಡಿಸಿ
ಲಾರಿಯ ಬೀಗದ ಕೈ ತಡಕಿಕೊಂಡು ಮೆಟ್ಟಿಲೇರಿದ.
ಉಳಿದಿಬ್ಬರೂ ಅವನ ಹಿಂದೆ.

ಸರ್ವಾನುಮತ ಎಂದು ಬರೆದದ್ದು ಹಾಗೆ.