ಇನ್ನೂರು ಮೀಟರ್

ಮೊದಲು ಬೆಲ್ಲದ ನೀರು.
ಹೌದು, ರಸ್ತೆಗೇ.
ಭದ್ರಾವತಿಯ ಕಿಟ್ಟ, ಅಕ್ಕಿ ಗಿರಣಿಯ ಹೊಟ್ಟಿನ ಬೂದಿ,
ವಾಡಿಕೆಯ ಅರ್ಧದಷ್ಟೇ ಸಿಮೆಂಟು, ಕಡಲೆ ಗಾತ್ರದ ಜಲ್ಲಿ
ಎಲ್ಲ ಸುರಿದು ಮಟ್ಟ ಮಾಡಿದ ಮೇಲೆ
ಬೆಲ್ಲದ ನೀರು ಚಿಮುಕಿಸಬೇಕು,
ಒಳಗಿನದು ಗಟ್ಟಿಯಾಗುವಷ್ಟರಲ್ಲಿ
ತೊಗಲು ಮಾತ್ರ ಹಸಿಯಾಗಿ ಉಳಿಯಲು.
ಮರುದಿನ ಆ ತೊಗಲನ್ನು ಉಜ್ಜಿ ತೆಗೆದರೆ
ಜಲ್ಲಿಯ ಸಣ್ಣ ಸಣ್ಣ ತಲೆಗಳು ಹೊರಗಿಣುಕುತ್ತವೆ,
ಟೈರಿನಡಿ ಸಿಕ್ಕಿಬಿದ್ದ ಗಾಳಿಗೆ
ಓಡಿಹೋಗಲು ಸಂದಿ ಸಿಗುತ್ತದೆ.
ಗಾಳಿ ಕಿರುಚುವುದಿಲ್ಲ.

ಇಷ್ಟು ಹೇಳಲು ನನ್ನ ಪ್ರಬಂಧದಲ್ಲಿ ನಲವತ್ತು ಪುಟ.

ಮೇಸ್ತ್ರಿ ಚೌಡಪ್ಪ ಪುಟ ಓದಲಿಲ್ಲ.
ಬಕೆಟಿಗೆ ಬೆರಳದ್ದಿ ನೆಕ್ಕಿ
"ಪಾಕ ಸಾಲದು ಮೇಡಂ" ಅಂದ.
ಆ ರಾತ್ರಿ ಆಯನೂರಿನ ಇರುವೆಗಳೆಲ್ಲ
ಸಾಗರದ ರಸ್ತೆಗೆ ಇಳಿದವು.
ಬೆಳಗಿನ ಜಾವ ತೆಂಗಿನ ನಾರಿನ ಬ್ರಷ್ ಹಿಡಿದು
ಐದು ಜನ ಮಂಡಿಯೂರಿ
ರಸ್ತೆ ಉಜ್ಜಿದೆವೋ ಇರುವೆ ಗುಡಿಸಿದೆವೋ.

ಅದಕ್ಕೂ ಮೊದಲಿನ ಎರಡು ವರ್ಷ
ಶಿವಮೊಗ್ಗದ ಲ್ಯಾಬಿನ ತೊಟ್ಟಿಯಲ್ಲಿ ಮುಳುಗಿದ್ದ ಕ್ಯೂಬುಗಳು.
ಒಂದೊಂದರ ನೆತ್ತಿಯ ಮೇಲೂ ಕೆಂಪು ಬಣ್ಣದ ತಾರೀಖು.
ಏಳನೇ ದಿನಕ್ಕೆ ಕೆಲವು, ಇಪ್ಪತ್ತೆಂಟನೇ ದಿನಕ್ಕೆ ಕೆಲವು,
ಯಂತ್ರದ ದವಡೆಗೆ ಕೊಟ್ಟು ಕಾಯುವುದು.
ಬೂದಿ ಹೆಚ್ಚಾದವು ಬಿಸ್ಕತ್ತಿನಂತೆ ಉದುರಿದವು.
ಫೋನಿನಲ್ಲಿ ಅಮ್ಮ: "ಇವತ್ತೇನು ಮಾಡಿದೆ?"
"ಒಡೆದೆ."
"ನಿನ್ನೆ?"
"ಒಡೆದೆ."

ನೂರ ಹದಿನೇಳನೆಯದು ತಡಮಾಡಿತು.
ಮುಳ್ಳು ಏರುತ್ತಲೇ ಹೋಯಿತು,
ಅಟೆಂಡರ್ ದುಗ್ಗೇಶಿ ಬಾಯಲ್ಲಿದ್ದ ಎಲೆಅಡಿಕೆ
ಅಗಿಯುವುದನ್ನೇ ಮರೆತ.
ಅದರ ಚೂರೊಂದು ಈಗಲೂ ನನ್ನ ಚೀಲದಲ್ಲಿದೆ
ಬಸ್ ಪಾಸಿನ ಜೊತೆ.

ಹಾಗೆ ಬಂತು ಈ ಇನ್ನೂರು ಮೀಟರ್.
ಆಚೆಗೂ ಟಾರು, ಈಚೆಗೂ ಟಾರು.
ಒಂದು ಮಳೆಗಾಲ ಕಳೆಯಿತು.
ಟಾರಿನಲ್ಲಿ ಎಮ್ಮೆ ಮಲಗುವ ಗುಂಡಿ,
ನಮ್ಮದರಲ್ಲಿ ಕೂದಲೆಳೆಯ ಬಿರುಕೊಂದು,
ಅದೂ ನನ್ನ ಕಣ್ಣಿಗೆ ಮಾತ್ರ.
ರಾತ್ರಿ ಹನ್ನೊಂದಕ್ಕೆ ಮೈಕು ನಿಲ್ಲಿಸಿ ಲಾರಿ ಎಣಿಸಿದೆ.
ಟಾರಿನ ಮೇಲೆ ಎಪ್ಪತ್ತೊಂಬತ್ತು ಡೆಸಿಬೆಲ್,
ನಮ್ಮದರ ಮೇಲೆ ಎಪ್ಪತ್ತಮೂರು.
ಆರು ಅಂದರೆ ಎಷ್ಟು?
ಟಾರಿನ ಬದಿಯ ಜೀರುಂಡೆ ಲಾರಿ ಬಂದಾಗ ನಿಲ್ಲಿಸಿ
ಹೋದ ಮೇಲೆ ಶುರುಮಾಡುತ್ತದೆ.
ನಮ್ಮ ಬದಿಯದು ನಿಲ್ಲಿಸಲೇ ಇಲ್ಲ.
ಅಷ್ಟು.

ದೂರು ಬಂದದ್ದು ಚಹಾದಂಗಡಿಯಿಂದ.
ಜೈಬುನಕ್ಕ. ಇಪ್ಪತ್ತಾರು ವರ್ಷದಿಂದ
ಬೆನ್ನು ರಸ್ತೆಗೆ, ಮುಖ ಒಲೆಗೆ.
"ಮೊದಲೆಲ್ಲ ತಿರುವಿನಲ್ಲೇ ಗೊತ್ತಾಗ್ತಿತ್ತು ಕಣಮ್ಮ,
ಮರಳಿನ ಲಾರಿಯೋ, ಸಾಗರದ ಕೆಂಪು ಬಸ್ಸೋ.
ಸದ್ದು ಕೇಳಿ ಹಾಲಿಡ್ತಿದ್ದೆ.
ಈಗ ತಿರುಗಿದ್ರೆ ಡ್ರೈವರು ಎದುರಿಗೇ ನಿಂತಿರ್ತಾನೆ,
ಹಾಲು ಕಾದಿರಲ್ಲ, ಅವನು ಕಾಯಲ್ಲ.
ಮೊನ್ನೆ ಒಂದು ಕೋಳಿನೂ ಹೋಯ್ತು.
ನಿಮ್ಮ ರಸ್ತೆ ಚೆನ್ನಾಗಿದೆ.
ಕಳ್ಳನ ಹಾಗಿದೆ."

ಪ್ರಬಂಧದ ಕೊನೆಗೆ 'ಮಿತಿಗಳು' ಅಂತ ಒಂದು ಭಾಗ.
ಕೆಲಸಗಾರರಿಗೆ ತರಬೇತಿ ಬೇಕು, ಬರೆದಿದ್ದೆ.
ಬೂದಿಯ ಗುಣ ಗಿರಣಿಗೊಂದು ಥರ, ಬರೆದಿದ್ದೆ.
ಕೋಳಿಗೆ, ಹಾಲಿಗೆ
ತಕ್ಕ ಪದ ಸಿಗಲಿಲ್ಲ.

ಭಾನುವಾರ ಚೌಡಪ್ಪ ಕಟರ್ ಬಾಡಿಗೆಗೆ ತಂದ.
ತಿರುವು ಮುಗಿಯುವಲ್ಲಿ, ರಸ್ತೆಗೆ ಅಡ್ಡಲಾಗಿ
ಏಳು ಗೀರು. ಬೆರಳಗಲ.
ಯಾರ ಅನುಮತಿಯೂ ಇಲ್ಲ.
ನನ್ನ ಗ್ರಾಫಿನಲ್ಲಿ ಅಲ್ಲೊಂದು ಹಲ್ಲು ಎದ್ದಿದೆ,
ಗೈಡ್ ಕೇಳಿದರೆ ಏನು ಹೇಳಬೇಕೋ ಇನ್ನೂ ಯೋಚಿಸಿಲ್ಲ.

ಸಂಜೆ ಬೆಂಚಿನ ಮೇಲೆ ಕೂತಿದ್ದೆವು.
ದೂರದಲ್ಲಿ ಡರ್ ಅಂತು, ಅರೆಕ್ಷಣ,
ಮತ್ತೆ ಏನೂ ಇಲ್ಲ.
ಜೈಬುನಕ್ಕ ತಿರುಗಲಿಲ್ಲ.
"ಮರಳಿನದು. ಖಾಲಿ" ಅಂದಳು,
ಒಲೆಯ ಕಿವಿ ತಿರುವಿ
ಎರಡು ಲೋಟ ತೊಳೆದಿಟ್ಟಳು.