ಎಡ ಹಿಂದಿನ ತೋಳು

ಬಿದ್ದಿಲ್ಲ ಹಾಜಿರ, ಅಂದ ಚೀಯಣ್ಣ ಬಾಗಿಲಲ್ಲೇ ನಿಂತು.
ನಾನಿನ್ನೂ ಏನೂ ಕೇಳಿರಲಿಲ್ಲ.

ಗೋಣಿಕೊಪ್ಪದ ಬಸ್‌ಸ್ಟ್ಯಾಂಡಿನೆದುರು ನನ್ನ ಅಂಗಡಿ,
ಅಡ್ಡಗಲ ಆರಡಿ; ಪಕ್ಕದಲ್ಲಿ ಕರಿಮೆಣಸು ಕೊಳ್ಳುವವನ ತಕ್ಕಡಿ.
ಉಪ್ಪ ವಾಚು ರಿಪೇರಿ ಮಾಡುತ್ತಿದ್ದ ಮೇಜು ಇದು.
ಅವರ ಕಣ್ಣುಗಾಜು ನನಗೆ ಬಂತು, ಗಿರಾಕಿಗಳು ಬರಲಿಲ್ಲ.
ಈಗ ಹಾರುವುದನ್ನೆಲ್ಲ ನನ್ನಲ್ಲಿಗೆ ತರುತ್ತಾರೆ,
ಹಾರದಾದಾಗ.

ಗಾಜು ಸಿಕ್ಕಿಸಿ ನೋಡಿದೆ.
ಎಡ ಹಿಂದಿನ ತೋಳು, ಒಳಮಗ್ಗುಲು,
ಎರಡನೇ ಸ್ಕ್ರೂವಿನಿಂದ ಹೊರಟ ಒಂದು ಗೆರೆ,
ಉಗುರಾಡಿಸಿದರೆ ಮಾತ್ರ ತಿಳಿಯುವಂಥದು.
ಅದರ ಪಕ್ಕ ಕೆಂಪು ಚುಕ್ಕಿ.
ಮಗಳ ನೈಲ್ ಪಾಲಿಶ್, ಅಂದ,
ಗಡಿಬಿಡಿಯಲ್ಲಿ ಹಿಂದು ಮುಂದು ತಿಳಿಯೋದಿಲ್ಲ ನನಗೆ.

ವಾರಂಟಿಯ ಪುಟ ಕೇಳುವುದು ಮೂರೇ ಪ್ರಶ್ನೆ:
ಬಿದ್ದಿದೆಯೆ. ನೀರು ಹೊಕ್ಕಿದೆಯೆ. ಬೇರೆ ಯಾರಾದರೂ ಬಿಚ್ಚಿದ್ದಾರೆಯೆ.
ಐದು ಕಡೆಯಿಂದ ಫೋಟೋ, ಬಿಲ್ಲಿನ ಪ್ರತಿ,
ಹೊಟ್ಟೆಯಡಿಯ ಉದ್ದುದ್ದ ನಂಬರು.
ಬಿದ್ದು ಒಡೆದರೆ ನಿಮ್ಮದು, ತಾನಾಗಿ ಒಡೆದರೆ ನಮ್ಮದು,
ಕಂಪನಿಯ ಧರ್ಮಶಾಸ್ತ್ರ ಇಷ್ಟೇ.

ಎಲ್ಲರೂ ಬಿದ್ದಿಲ್ಲ ಅಂತಲೇ ಬರುತ್ತಾರೆ.
ಹೋದ ತಿಂಗಳು ಪಾಲಿಬೆಟ್ಟದ ಎಸ್ಟೇಟ್ ರೈಟರು ತಂದದ್ದರ ಮೂಗಿನಲ್ಲಿ
ಸಿಲ್ವರ್ ಓಕಿನ ಎಲೆ ಸಿಕ್ಕಿಕೊಂಡೇ ಇತ್ತು.
ಗಾಳಿಗೆ ಬಂದಿರಬೇಕು, ಎಂದರು, ತಕ್ಕಡಿ ನೋಡುತ್ತ.

ಇದರ ಗಾಳಿಕಿಂಡಿಯಲ್ಲಿ ಕೆಮ್ಮಣ್ಣು ಬಿಟ್ಟರೆ ಏನಿಲ್ಲ.
ನಾಪೋಕ್ಲಿನ ಮೈದಾನದ್ದು. ಒಕ್ಕ ಒಕ್ಕಗಳ ಹಾಕಿ ನಡೆದಷ್ಟು ದಿನ
ಮೇಲಿಂದ ಚಿತ್ರ ತೆಗೆದದ್ದು ಇವನೇ:
ಅರುವತ್ತು ದಾಟಿದ ಅತ್ತೆಯರು ಸ್ಟಿಕ್ ಹಿಡಿದು ಓಡಿದ್ದು,
ಗೋಲಾದಾಗ ಯಾರ ಟೋಪಿಯೋ ಹಾರಿದ್ದು.

ಲಾಗ್ ತೆಗೆದೆ. ಮನುಷ್ಯ ಮರೆತದ್ದನ್ನೂ
ಯಂತ್ರ ಬರೆದಿಟ್ಟಿರುತ್ತದೆ, ತಾರೀಕು ಗಂಟೆ ಸಮೇತ.
ಇನ್ನೂರ ಹನ್ನೊಂದು ಹಾರಾಟ. ಒಮ್ಮೆಯೂ ಬಿದ್ದಿಲ್ಲ.
ಒಮ್ಮೆಯೂ ನೆಲ ಮುಟ್ಟಿಲ್ಲ ಕೂಡ.
ಪ್ರತಿ ಸಲವೂ ನಿಂತದ್ದು ನೆಲದಿಂದ ಐದಡಿ ಮೇಲೆ.

ಎಲ್ಲಿ ಇಳಿಸಲಿ, ಕೆಳಗೆಲ್ಲ ಮಕ್ಕಳು.
ಕೈ ಚಾಚಿ ಹಿಡಿದುಬಿಡ್ತೇನೆ, ಹೀಗೆ.
ತೋರಿಸಿದ. ಹೆಬ್ಬೆರಳು ಸರಿಯಾಗಿ
ಗೆರೆಯ ಮೇಲೆ ಕೂತಿತು.

ಕಣ್ಣುಗಾಜು ಕಳಚಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದೆ.
ಬೀಳದಂತೆ ಹಿಡಿದದ್ದು, ಎಂದು ತುಂಬಲು ಪುಟದಲ್ಲಿ ಜಾಗವಿಲ್ಲ.
ಇದೇ ಮಾದರಿಯ ಮೂರು ಬಂದಿದ್ದವು ಈ ವರ್ಷ,
ಅದೇ ತೋಳು, ಅದೇ ಸ್ಕ್ರೂ.
ಅವರೂ ಕೈಯಲ್ಲಿ ಹಿಡಿದವರೋ ಏನೋ, ನಾನು ಕೇಳಿರಲಿಲ್ಲ.
ತಯಾರಿಕೆಯ ದೋಷ, ಎಂದು ಒತ್ತಿದೆ.
ಸುಳ್ಳೆಂದರೆ ಸುಳ್ಳೇ. ಆದರೂ ಒಂದು ಹೆಬ್ಬೆರಳು ತಾಳದ ಚಿಪ್ಪನ್ನು
ಆಕಾಶಕ್ಕೆಂದು ಮಾರಿದವರು ನಾವಲ್ಲವಲ್ಲ.

ಹತ್ತೊಂಬತ್ತು ದಿನಕ್ಕೆ ಡಬ್ಬಿ ಬಂತು.
ಕೊರಿಯರು ಕುಶಾಲನಗರದಲ್ಲೇ ನಿಂತಿತು;
ಬಸ್ಸಿನಲ್ಲಿ ಹೋಗಿ ತಂದೆ, ಮಡಿಲಲ್ಲಿಟ್ಟುಕೊಂಡು.
ಹೊಸ ನಂಬರು, ನುಣ್ಣನೆ ಮೈ, ಒಂದು ಗೀರಿಲ್ಲ.
ಆನ್ ಮಾಡಿದರೆ, ಒಟ್ಟು ಹಾರಾಟ: ಏಳು ನಿಮಿಷ.

ಯಾರದ್ದು ಈ ಏಳು ನಿಮಿಷ?
ಪರೀಕ್ಷೆ ಮಾಡಿರ್ತಾರೆ, ಅಂದೆ. ಇರಬಹುದು.
ಯಾವನೋ ಕೊಂಡು, ಏಳನೆಯ ನಿಮಿಷಕ್ಕೆ
ಮನಸ್ಸು ಬದಲಿಸಿದ್ದೂ ಇರಬಹುದು.
ಹಳೆಯದು ಈಗ ಎಲ್ಲಿದೆಯೆಂದು ಅವನು ಕೇಳಲಿಲ್ಲ,
ಕೇಳಿದ್ದರೆ ನನಗೂ ಗೊತ್ತಿರಲಿಲ್ಲ.

ಇನ್ಮೇಲೆ ನೆಲಕ್ಕಿಳಿಸಿ, ಅಂದೆ.
ಮಡಚುವ ಚಾಪೆ ಇದೆ, ಆರುನೂರು ರೂಪಾಯಿ.
ತಲೆಯಾಡಿಸಿದ; ಕೊಳ್ಳಲಿಲ್ಲ.
ಜೇಬಿನಿಂದ ಪುಟ್ಟ ಶೀಶೆ ತೆಗೆದು, ನಾಲಿಗೆ ಕಚ್ಚಿಕೊಂಡು,
ಎಡ ಹಿಂದಿನ ತೋಳಿಗೆ ಚುಕ್ಕಿಯಿಟ್ಟ.
ಹಿಂದಿನದಕ್ಕಿಂತ ದೊಡ್ಡದಾಯಿತು. ಉಪ್ಪನ ಮೇಜಿಗೂ ಒಂದು ಹನಿ.

ಒಣಗುವವರೆಗೆ ಕೂತಿದ್ದ.
ವಾಸನೆ ಹಿಡಿದು ಬಂದ ಮೆಣಸಿನವನು
ಇಣುಕಿ ಕೇಳಿದ, ಏನು, ಮದುವೆಯಾ?