ಸಾಕು

ಬೆಳಗಿನ ಜಾವ ನಾಲ್ಕು. ವ್ಯಾನಿನ ಬೆನ್ನಲ್ಲಿ ಮುನ್ನೂರು ಬ್ರೆಡ್ಡು,
ಇನ್ನೂ ಬಿಸಿ. ಪೋರ್ಟ್ ಆಗಸ್ಟಾ ದಾಟಿ
ಉಪ್ಪುನೆಲದ ಮಗ್ಗುಲ ದಾರಿ.
ದೀಪದ ತುದಿಯಲ್ಲಿ ಎರಡು ಹಸಿರು ಚುಕ್ಕೆ.
ಕಾಂಗರೂ ಅಂದುಕೊಂಡು ಬ್ರೇಕ್ ಒತ್ತಿದೆ.

ನಾಯಿ.
ಯಾರೋ ಎಸೆದುಹೋದ ಕಾರಿನ ಸೀಟಿನ ಮೇಲೆ
ನೆಟ್ಟಗೆ ಕೂತಿತ್ತು,
ಬೆಲ್ಟು ಕಟ್ಟಿಕೊಳ್ಳುವುದೊಂದೇ ಬಾಕಿ ಎಂಬಂತೆ.

ಪಕ್ಕೆಲುಬು ಎಣಿಸಬಹುದಿತ್ತು. ಎಣಿಸಿದೆ ಕೂಡ;
ಕಚ್ಚುತ್ತದೋ ಇಲ್ಲವೋ ತಿಳಿಯುವ ತನಕ
ಬೇರೆ ಕೆಲಸವಿರಲಿಲ್ಲ.
ಒಂದು ಬ್ರೆಡ್ಡು ನುಂಗಿತು. ಇನ್ನೊಂದು ನುಂಗಿತು.
ಮೂರನೆಯದಕ್ಕೆ ಬಾಯಿ ಹಾಕಿದಾಗ ಗದರಿದೆ: ಸಾಕು!
ಕಿವಿ ನಿಮಿರಿತು. ಒಂದೇ ಕಿವಿ. ಇನ್ನೊಂದು ಹರಿದು ಜೋತಿತ್ತು.
ಅಷ್ಟೇ, ನಾಮಕರಣ ಮುಗಿಯಿತು.

ಡಾಕ್ಟರು ಫಿಯೋನಾ ಪಾಸ್ಕೊ
ಅಂಗಡಿಯಲ್ಲಿ ಬೆಲೆ ಓದುವಂಥ ಯಂತ್ರವನ್ನು
ಅದರ ಕತ್ತಿನ ಮೇಲೆ ಆಡಿಸಿದರು. ಯಂತ್ರ ಸುಮ್ಮನಿತ್ತು.
'ಯಾರದ್ದೂ ಅಲ್ಲ' ಅಂದರು.
ಊರಿನ ದೊಡ್ಡಿಗೆ ಬಿಟ್ಟರೆ ಕೆಲವು ದಿನ ಇಟ್ಟುಕೊಳ್ಳುತ್ತಾರಂತೆ.
'ಆಮೇಲೆ?' ಕೇಳಿದೆ.
ಅವರು ಕೈ ತೊಳೆಯಲು ಎದ್ದರು.

ನನ್ನ ಬಾಡಿಗೆ ಕರಾರಿನ ಹನ್ನೊಂದನೆಯ ಸಾಲು:
ಪ್ರಾಣಿ ಕೂಡದು.
ಹತ್ತೊಂಬತ್ತು ರಾತ್ರಿ ಬಚ್ಚಲಲ್ಲಿ ಮಲಗಿಸಿದೆ.
ರೋಡ್ ಟ್ರೈನುಗಳು ಗುಡುಗಿಕೊಂಡು ಹೋದಾಗಲೆಲ್ಲ
ಬೊಗಳುವ ಮೂತಿಯನ್ನು ಅಂಗೈಯಲ್ಲಿ ಹಿಡಿದು
ಸಾಕು, ಸಾಕು, ಸಾಕೋ ಮಾರಾಯ.
ಬಾ ಅಂದರೆ ಬಂತು. ಕೂತ್ಕೊ ಅಂದರೆ ಕೂತಿತು.
ಬ್ಯಾಡ ಅಂದದ್ದು ಮಾತ್ರ ಎಂದೂ ತಿಳಿಯಲಿಲ್ಲ.
ಆರು ವರ್ಷವಾಗಿತ್ತು ಈ ಊರಿಗೆ ಬಂದು;
ಬಾಯಿ ಬಿಟ್ಟು ಕನ್ನಡ ಆಡಿದ್ದು
ಅದೇ ಮೊದಲು.

ಬೇಕರಿಯ ಗಾಜಿಗೆ ಚೀಟಿ ಅಂಟಿಸಿದೆ.
ಒಬ್ಬ ಹಂದಿ ಬೇಟೆಗೆ ಬೇಕೆಂದು ಹಲ್ಲಿನ ಉದ್ದ ಕೇಳಿದ.
ಒಬ್ಬಾಕೆ ಯಾವ ತಳಿ ಎಂದಳು,
ಹಸಿದ ತಳಿ ಎಂದೆ, ಫೋನಿಟ್ಟಳು.
ಮಕ್ಕಳೊಂದಿಗೆ ಬಂದವರ ಎದುರು
ವ್ಯಾನಿನಡಿ ನುಸುಳಿ ಹೊರಗೇ ಬರಲಿಲ್ಲ;
ಮಕ್ಕಳು ಅತ್ತು, ಕೇಕು ತಿಂದು, ಹೋದರು.

ಆಮೇಲೆ ಬಂದದ್ದು ಕ್ವಾರ್ನ್ ಊರಿನ ಲೋರ್ನಾ ಕ್ಲಾಸನ್,
ರೈಲ್ವೆಯಿಂದ ನಿವೃತ್ತಿ, ಎಡಗಿವಿ ಕೇಳಿಸದು.
ಮುಟ್ಟಲಿಲ್ಲ, ಕರೆಯಲಿಲ್ಲ.
ಫುಟ್‌ಪಾತಿನ ಮೇಲೆ ಕೂತು, ಫ್ಲಾಸ್ಕು ತೆರೆದು,
ಬರಬೇಕಾದ ರೈಲೊಂದಿದೆ ಎಂಬಂತೆ
ಬೇರೆಲ್ಲೋ ನೋಡುತ್ತಾ ನಲವತ್ತು ನಿಮಿಷ ಚಹಾ ಕುಡಿದಳು.
ಅದು ಬಂತು. ಹರಿದ ಕಿವಿಯನ್ನು
ಅವಳ ಬೂಟಿನ ಮೇಲೆ ಇಟ್ಟಿತು.
'ಸರಿ, ಇಬ್ಬರದೂ ಸೇರಿ
ಎರಡು ಕಿವಿಯಾಯಿತು' ಅಂದಳು.

ಬಿಲ್ಲಿನ ಹಿಂದೆ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಟ್ಟೆ:
ಬಾ. ಕೂತ್ಕೊ. ಬಿಡು. ಮಲಕ್ಕೊ.
ಹೆಸರಿನ ಅರ್ಥ ಕೇಳಿದಳು.
ಇಷ್ಟಾದರೆ ಆಯಿತು, ಇನ್ನು ಬೇಡ, ಅಂತ.
ನಾಯಿಗೆ ಯಾರು ಹಾಗೆ ಹೆಸರಿಡುತ್ತಾರೆ ಎಂದು ನಕ್ಕಳು.
ಇನ್ನೊಂದು ಅರ್ಥವೂ ಇದೆ, ಅಂದೆ:
ಉಣಿಸು, ಇಟ್ಟುಕೋ,
ನಿನ್ನ ಹೊಟ್ಟೆಯಲ್ಲಿ ಹುಟ್ಟದ್ದನ್ನೂ.
ಕೇಳುವ ಕಿವಿಯನ್ನು ಇತ್ತ ತಿರುಗಿಸಿ
ಇನ್ನೊಮ್ಮೆ ಹೇಳು ಅಂದಳು.

ಅವಳ ಕಾರು ಹೊರಡುವಾಗ
ನಾನು ಟೈರಿನ ಗಾಳಿ ನೋಡುತ್ತಿದ್ದೆ.
ಗಾಳಿ ಸರಿಯಾಗಿಯೇ ಇತ್ತು.

ಜುಲೈನಲ್ಲಿ ಮನೆಯೊಡೆಯನಿಗೆ ಬಚ್ಚಲ ತೂಬಿನಲ್ಲಿ
ಕಂದು ಕೂದಲು ಸಿಕ್ಕಿ, ನಲವತ್ತು ಡಾಲರು ದಂಡ.
ಮಾತಾಡದೆ ಕೊಟ್ಟೆ.
ಈಗಲೂ ಒಂದು ಬ್ರೆಡ್ಡಿನ ಲೆಕ್ಕ ತಪ್ಪುತ್ತದೆ.

ಮೊನ್ನೆ ಲೋರ್ನಾಳ ಫೋನು.
ಸಂಜೆ ಹಳಿಗಳಾಚೆ ಮೊಲದ ಹಿಂದೆ ಹೋಗಿಬಿಡುತ್ತದಂತೆ,
ಗೇಟಿನ ಬಳಿ ನಿಂತು
ಸಾಕೂ, ಸಾಕೂ ಎಂದು ಕೂಗುತ್ತಾಳಂತೆ.
ಆ ಕೆಂಪು ಬೆಟ್ಟದ ತಪ್ಪಲಲ್ಲಿ, ಕತ್ತಲಾಗುವಾಗ,
ಸಾಕು ಸಾಕೆಂದಷ್ಟೂ
ಓಡಿ ಓಡಿ ಬರುತ್ತದಂತೆ.